ಎತ್ತಿಟ್ಟ ಹಲ್ಲು

ಬಸ್ಸು ಹತ್ತಿದಾಗಿನಿಂದ ಇಳಿಯುವವರೆಗೂ ಅವಳು ಮನಸ್ಸಿನಲ್ಲೇ ಅತ್ತೆಯ ಜೊತೆ ಜಗಳವಾಡಿದಳು. ಜಗಳದಲ್ಲಿ ಅವಳೇ ಗೆದ್ದಳು, ಅತ್ತೆ ಅಲ್ಲಿರಲಿಲ್ಲವಲ್ಲ. ತೊಡೆಯ ಮೇಲೆ ಒಂದು ಚೀಲ ಸೇಬು ಇತ್ತು. ಮಾಗಿ ಮೆತ್ತಗಾದವಲ್ಲ, ಕಚ್ಚಿದರೆ ಸದ್ದಾಗುವಂಥವು. ಅಂಗಡಿಯಲ್ಲಿ ಒಂದೊಂದನ್ನೂ ಒತ್ತಿ ನೋಡಿ, ಅಂಗಡಿಯವನ ಕೆಂಗಣ್ಣಿಗೆ ಗುರಿಯಾಗಿ ಆರಿಸಿ ತಂದಿದ್ದಳು. ಇವತ್ತು ಅಜ್ಜಿಗೆ ಎಂಬತ್ತೈದು ತುಂಬುತ್ತದೆ. ತನ್ನ ಕಣ್ಣೆದುರು ಅಜ್ಜಿ ಒಂದು ಸೇಬನ್ನು ಕಚ್ಚಿ ತಿನ್ನಬೇಕು. ಅವಳು ಹೊರಟಿದ್ದು ಅದನ್ನು ನೋಡಲಿಕ್ಕೆ. ಕೇಕು, ಫೋಟೋ ಎಲ್ಲ ಸೋದರಮಾವನ ಸಡಗರ.

ಅವಳ ಕೆಲಸ ಹಲ್ಲು ಕಟ್ಟುವುದು. ದಂತವೈದ್ಯರ ಕಡೆಯಿಂದ ಬಾಯಿಯ ಅಚ್ಚುಗಳು ಡಬ್ಬಿಯಲ್ಲಿ ಬರುತ್ತವೆ. ಲ್ಯಾಬಿನ ಹಿಂದಿನ ಕೋಣೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಅವಳು ಅಚ್ಚಿಗೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ವಸಡು ಎಬ್ಬಿಸಿ, ಹಲ್ಲು ಕೂರಿಸಿ, ಬೇಯಿಸಿ, ಅರ ಹಾಕಿ, ಹೊಳಪು ಕೊಟ್ಟು ವಾಪಸು ಕಳಿಸುತ್ತಾಳೆ. ಕೂದಲಲ್ಲಿ, ಉಗುರಲ್ಲಿ ಗುಲಾಬಿ ಬಣ್ಣದ ಪುಡಿ. ಸಾವಿರಾರು ಬಾಯಿಗಳನ್ನು ಬಲ್ಲಳು, ಮುಖ ಮಾತ್ರ ಒಂದನ್ನೂ ಕಂಡವಳಲ್ಲ. ಒಂದೇ ಒಂದು ಬಾಯಿಗೆ ಮುಖವಿತ್ತು. ಎರಡು ವರ್ಷದ ಹಿಂದೆ ಅವಳು ಅಜ್ಜಿಯನ್ನು ಕರೆಸಿಕೊಂಡು, ತನಗೆ ಪರಿಚಯದ ವೈದ್ಯರಿಂದ ಅಳತೆ ತೆಗೆಸಿ, ಮೇಲಿನದು ಕೆಳಗಿನದು ಎರಡನ್ನೂ ತಾನೇ ಕಟ್ಟಿದ್ದಳು. ಅಜ್ಜಿಯ ಹಳೇ ಗುರುತಿನ ಚೀಟಿಯ ಫೋಟೋ ಎದುರಿಗಿಟ್ಟುಕೊಂಡು, ಮುಂದಿನ ಒಂದು ಹಲ್ಲು ಪಕ್ಕದ್ದರ ಮೇಲೆ ತುಸು ಏರಿ ಕೂತದ್ದನ್ನೂ ಬಿಡದೆ ಹಾಗೇ ಕೂರಿಸಿದ್ದಳು. ಲ್ಯಾಬಿನ ಯಜಮಾನ ನೋಡಿ, “ದುಡ್ಡು ಕೊಟ್ಟು ಯಾರಾದ್ರೂ ಸೊಟ್ಟ ಹಲ್ಲು ಮಾಡಿಸ್ಕೋತಾರೇನಮ್ಮಾ?” ಅಂದಿದ್ದ.

“ಹಾಕ್ಕೊಂಡಿದ್ದೀಯಾ ಅಜ್ಜಿ?” ಎಂದು ಅವಳು ಫೋನು ಮಾಡಿದಾಗಲೆಲ್ಲ ಕೇಳುತ್ತಿದ್ದಳು.

“ಹಾಕ್ಕೊಂಡೇ ಮಾತಾಡ್ತಿದ್ದೀನಿ ಕಣೇ,” ಎನ್ನುತ್ತಿದ್ದಳು ಅಜ್ಜಿ.

ಅದು ಸುಳ್ಳೆಂದು ಅವಳಿಗೆ ಕಿವಿಯಲ್ಲೇ ತಿಳಿಯುತ್ತಿತ್ತು. ಹಲ್ಲಿಲ್ಲದ ಬಾಯಿಯಲ್ಲಿ ಗಾಳಿ ಹೇಗೆ ಸೋರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಂದಮೇಲೆ ಹಲ್ಲು ಎಲ್ಲಿ? ಆ ಮನೆಯಲ್ಲಿ ಬೀಗದ ಕೈ ಅತ್ತೆಯ ಸೊಂಟದಲ್ಲಿ. ಹಾಗಾಗಿ ಅವಳು ತೀರ್ಪು ಬರೆದುಕೊಂಡೇ ಬಸ್ಸು ಹತ್ತಿದ್ದಳು.

ಬಾಗಿಲು ತೆಗೆದದ್ದು ಮಾವ. ಡ್ರೈವಿಂಗ್ ಕಲಿಸಿ ಕಲಿಸಿ ಆತನ ಬಲಗಾಲು ಮನೆಯಲ್ಲಿ ಕೂತಾಗಲೂ ಬ್ರೇಕ್ ಹುಡುಕುತ್ತದೆ. “ಬಂದ್ರು ನೋಡು, ಹಲ್ಲಿನ ಡಾಕ್ಟರಮ್ಮ.”

“ಡಾಕ್ಟರ್ ಅಲ್ಲ ಮಾವ.”

“ಇರ್ಲಿ ಬಿಡೇ, ಬಾಯಿಗೆ ಕೈ ಹಾಕೋರೆಲ್ಲ ನನಗೆ ಡಾಕ್ಟರೇ.”

ಮನೆ ಹಾಗೇ ಇತ್ತು. ಸೋಫಾದ ಮೇಲೆ ಅಂಗಡಿಯಿಂದ ಬಂದಾಗಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ. ಕೂತರೆ ಕರಕರ ಎನ್ನುತ್ತಿತ್ತು. ಟಿವಿ ರಿಮೋಟಿಗೆ ಕವರು, ಕವರಿನ ಮೇಲೆ ರಬ್ಬರ್ ಬ್ಯಾಂಡು. ಗಾಜಿನ ಕಪಾಟಿನಲ್ಲಿ ಒಳ್ಳೆಯ ಲೋಟಗಳು ಬೋರಲಾಗಿ ಕೂತಿದ್ದವು, ನೀರು ಕುಡಿಯಲು ಕೊಟ್ಟದ್ದು ಕಿವಿ ಮುರಿದ ಕಪ್ಪಿನಲ್ಲಿ. ಇದೆಲ್ಲ ಅಜ್ಜಿಯ ಕಾಲದಿಂದ ಬಂದ ಪದ್ಧತಿ. ಅಜ್ಜಿ ಜೀವಮಾನವಿಡೀ ಒಂದು ದೊಡ್ಡ ಆಸ್ಪತ್ರೆಯಲ್ಲಿ ಬಟ್ಟೆ ಉಗ್ರಾಣ ನೋಡಿಕೊಂಡವಳು. ಹರಿದು ಹೊಲಿದ ಹಾಸುಬಟ್ಟೆ ದಿನದ ಬಳಕೆಗೆ. ಹೊಸವು ಮೇಲಧಿಕಾರಿಗಳು ತನಿಖೆಗೆ ಬರುವ ದಿನಕ್ಕೆ. ಆ ದಿನ ವಾರ್ಡು ಬೆಳ್ಳಗೆ ಹೊಳೆಯುತ್ತಿತ್ತು, ಅವರು ಹೋದ ಮೇಲೆ ರೋಗಿಗಳನ್ನು ಎಬ್ಬಿಸಿ ಹೊಸದನ್ನು ಮಡಚಿ ಒಳಗಿಡುತ್ತಿದ್ದರು. ಈ ಮನೆಯಲ್ಲಿ ಮಾತ್ರ ತನಿಖೆಗೆ ಯಾರೂ ಬರಲಿಲ್ಲ.

ಅವಳ ಅಮ್ಮ ಎರಡನೇ ಮದುವೆಯಾಗಿ ದೂರ ಹೋದಾಗ ಅವಳನ್ನು ಇಲ್ಲೇ ಬಿಟ್ಟುಹೋಗಿದ್ದಳು. ಒಮ್ಮೆ ಅಮ್ಮ ಅವಳಿಗೆ ಕೆಂಪು ಬೂಟು ಕಳಿಸಿದ್ದಳು. ಒಳ್ಳೆ ದಿನಕ್ಕಿರಲಿ ಎಂದು ಅಜ್ಜಿ ಎತ್ತಿಟ್ಟಳು. ಒಳ್ಳೆ ದಿನ ಬಂದಾಗ ಬೆರಳು ಮಡಚಿದರೂ ಕಾಲು ಒಳಗೆ ಹೋಗಲಿಲ್ಲ. ಅವಳು ಅತ್ತದ್ದನ್ನು ನೋಡಿ ಅಜ್ಜಿ, “ಕಾಲು ಬೆಳೆದದ್ದಕ್ಕೆ ಅಳೋರನ್ನ ಇವತ್ತೇ ನೋಡಿದ್ದು,” ಅಂದಿದ್ದಳು.

ಊಟಕ್ಕೆ ಕೂತಾಗ ಅಜ್ಜಿಯನ್ನು ಸರಿಯಾಗಿ ನೋಡಿದಳು. ಕೆನ್ನೆ ಒಳಕ್ಕೆ ಬಿದ್ದು ಗದ್ದ ಮೂಗಿನ ಹತ್ತಿರಕ್ಕೆ ಬಂದಿತ್ತು. ತಟ್ಟೆಯಲ್ಲಿ ಎಲ್ಲರಿಗೂ ಬಡಿಸಿದ್ದೇ ಇತ್ತು, ಆದರೆ ಮಿಕ್ಸಿಯಲ್ಲಿ ತಿರುವಿದ್ದು, ಯಾವುದು ಏನೆಂದು ಗುರುತಿಲ್ಲ. ಅಜ್ಜಿ ಚಮಚದಲ್ಲಿ ತೆಗೆದು ನಾಲಿಗೆಯಿಂದ ಅಂಗುಳಕ್ಕೆ ಒತ್ತಿ ನುಂಗುತ್ತಿದ್ದಳು. ನಾಲ್ಕು ಚಮಚಕ್ಕೆ ಸಾಕೆಂದಳು.

ಪಾತ್ರೆ ತೊಳೆಯುವಾಗ ಅವಳು ಅತ್ತೆಯ ಪಕ್ಕ ನಿಂತಳು. “ಅಜ್ಜಿ ಹಲ್ಲು ಎಲ್ಲಿಟ್ಟಿದ್ದೀರಿ ಅತ್ತೆ?”

ಅತ್ತೆ ನಲ್ಲಿ ನಿಲ್ಲಿಸಿದಳು. “ನಾನಾ?”

“ಕಪಾಟಿನ ಬೀಗದ ಕೈ ನಿಮ್ಮ ಹತ್ರಾನೇ ಇರೋದಲ್ವಾ?”

“ನಾನ್ಯಾಕೆ ನಿಮ್ಮಜ್ಜಿ ಹಲ್ಲು ಮುಚ್ಚಿಡ್ಲಿ? ನನ್ನವು ಮೂವತ್ತೆರಡೂ ಗಟ್ಟಿಯಾಗಿವೆ.” ಅತ್ತೆ ಕೈ ಒರೆಸಿಕೊಂಡಳು. ದನಿ ಏರಲಿಲ್ಲ, ಏರದಿದ್ದದ್ದೇ ಅವಳಿಗೆ ಚುಚ್ಚಿತು. “ದಿನಾ ಅವರಿಗೆ ಬೇರೆ ಮಿಕ್ಸಿ ಹಾಕೋಳು ನಾನು. ಹಲ್ಲು ಹಾಕ್ಕೊಂಡಿದ್ರೆ ನನಗೇ ಒಂದು ಕೆಲಸ ಉಳೀತಿತ್ತು. ಎರಡು ವರ್ಷದಿಂದ ಹೇಳ್ತಾನೇ ಇದ್ದೀನಿ. ನೀನು ಫೋನಲ್ಲಿ ಕೇಳ್ತೀಯಾ, ಅವರು ಹೇಳ್ತಾರೆ, ಮುಗೀತು. ಹೋಗಿ ಅವರನ್ನೇ ಕೇಳು. ಆ ಟ್ರಂಕಿನ ಕೈ ನನ್ನ ಹತ್ರ ಯಾವತ್ತೂ ಇರಲಿಲ್ಲ.”

ಬಸ್ಸಿನಲ್ಲಿ ಗೆದ್ದ ಜಗಳ ಅಡುಗೆಮನೆಯಲ್ಲಿ ಹೀಗೆ ಮುಗಿಯಿತು. ತಪ್ಪಾಯಿತು ಎನ್ನುವ ಬದಲು ಅವಳು ತೊಳೆದ ತಟ್ಟೆಯನ್ನೇ ಇನ್ನೊಮ್ಮೆ ತೊಳೆದಳು.

ಅಜ್ಜಿಯ ಕೋಣೆಯಲ್ಲಿ ಮಂಚದ ಕೆಳಗೆ ಟ್ರಂಕು. ಕೇಳಿದ ಕೂಡಲೇ ಅಜ್ಜಿ ಕುತ್ತಿಗೆಯ ದಾರದಿಂದ ಬೀಗದ ಕೈ ತೆಗೆದುಕೊಟ್ಟಳು, ಮುಚ್ಚುಮರೆ ಏನಿಲ್ಲ. ನುಸಿಗುಳಿಗೆಯ ವಾಸನೆ ಮುಖಕ್ಕೆ ಹೊಡೆಯಿತು. ಮೇಲೆ ಒಂದು ಹೊಸ ಬಿಳಿ ಹಾಸುಬಟ್ಟೆ, ಇನ್ನೂ ನೀರು ಕಾಣದ್ದು. ಅದರ ಮಡಿಕೆಯೊಳಗೆ ಸೋಪಿನ ಡಬ್ಬಿ. ಡಬ್ಬಿಯಲ್ಲಿ ಹತ್ತಿ. ಹತ್ತಿಯಲ್ಲಿ ಹಲ್ಲು.

“ಇದನ್ನ ನೀರಲ್ಲಿಡಬೇಕು ಅಂದಿದ್ದೆ,” ಎಂದಳು ಅವಳು. “ಒಣಗಿದ್ರೆ ಸೊಟ್ಟಗಾಗುತ್ತೆ.”

“ನೀರಲ್ಲಿಟ್ರೆ ಕೊಳೆಯಾಗುತ್ತೆ. ನೋಡು, ಹೊಸದರ ಹಾಗೇ ಇದೆ.”

“ಎಷ್ಟು ಸಲ ಹಾಕ್ಕೊಂಡೆ?”

“ನೀನು ಹಾಕಿದ ದಿನ ಹಾಕ್ಕೊಂಡೆನಲ್ಲ.”

ಅವಳು ಮಂಚದ ಮೇಲೆ ಕೂತಳು. “ತಿನ್ನೋಕೆ ಮಾಡಿಕೊಟ್ಟಿದ್ದು ಅಜ್ಜಿ.”

“ಗೊತ್ತು ಕಣೇ. ತಿಂದು ತಿಂದು ಸವೆಸೋದಕ್ಕೆ ಅಷ್ಟು ಚೆನ್ನಾಗಿರೋದು ಯಾಕೆ? ಗಂಜಿಗೆ ವಸಡು ಸಾಕು.” ಅಜ್ಜಿ ಹಾಸುಬಟ್ಟೆಯ ಮಡಿಕೆಯನ್ನು ಅಂಗೈಯಿಂದ ತೀಡಿ ಸರಿಮಾಡಿದಳು. “ಇದು, ಆ ಹಲ್ಲು, ಎರಡೂ ಕೊನೇ ದಿನಕ್ಕೆ. ಸೊಸೆಗೆ ಹೇಳಿದ್ರೆ ಹೆದರ್ತಾಳೆ, ನಿಮ್ಮ ಮಾವನಿಗೆ ಹೇಳಿದ್ರೆ ತಮಾಷೆ ಮಾಡ್ತಾನೆ. ನಿನಗೆ ಹೇಳ್ಬೇಕು ಅಂತಲೇ ಇದ್ದೆ.”

ಆಮೇಲೆ ಅಜ್ಜಿ ಉಗ್ರಾಣದ ಸಾಮಾನು ಒಪ್ಪಿಸುವ ದನಿಯಲ್ಲೇ ಹೇಳಿದಳು. ಆಸ್ಪತ್ರೆಯಲ್ಲಿ ಎಷ್ಟು ಹೆಣಗಳಿಗೆ ಬಟ್ಟೆ ಕೊಟ್ಟಿಲ್ಲ. ಬಾಯಿ ಬಿಟ್ಟುಕೊಂಡು, ಕೆನ್ನೆ ಗುಳಿಬಿದ್ದು, ಎಲ್ಲವೂ ಒಂದೇ ಥರ. ತಾತ ಹೋದಾಗ ಅವರ ಹಲ್ಲು ಎಲ್ಲಿ ಹೋಯಿತೋ ಸಿಗಲಿಲ್ಲ. ಅವರ ಒಡಹುಟ್ಟಿದ ತಮ್ಮ ಬಂದು ಮುಖ ನೋಡಿ, “ಇವನೇನಾ?” ಎಂದು ಪಕ್ಕದವರನ್ನು ಕೇಳಿದ.

“ಅವರ ಜೊತೆ ಅಷ್ಟು ವರ್ಷ ಬಾಳಿದ ನನಗೆ ಕೊನೆಗೆ ಉಳಿದಿದ್ದು ಆ ಒಂದು ಮಾತು. ನನ್ನನ್ನ ನೋಡಿ ಯಾರೂ ಹಾಗೆ ಕೇಳಬಾರದು.”

ಅವಳು ಮೇಲಿನ ಸೆಟ್ಟನ್ನು ತೊಳೆದು ಅಜ್ಜಿಯ ಬಾಯಿಗೆ ಇಟ್ಟುನೋಡಿದಳು. ಕೂರಲಿಲ್ಲ. ಎರಡು ವರ್ಷದಲ್ಲಿ ಒಣಗಿ ಅದು ತಿರುಚಿಕೊಂಡಿತ್ತು, ವಸಡು ಕರಗಿತ್ತು. ಕೆಂಪು ಬೂಟಿನಲ್ಲಿ ಕಾಲು ಬೆಳೆದಿತ್ತು, ಇಲ್ಲಿ ಬಾಯಿ ಕುಗ್ಗಿತ್ತು, ಅಷ್ಟೇ ವ್ಯತ್ಯಾಸ.

“ಇದು ಇನ್ನು ಆಗಲ್ಲ,” ಎಂದಳು. “ಹೊಸದಾಗಿ ಅಳತೆ ತೆಗೆಸ್ತೀನಿ, ನನ್ನ ಜೊತೆ ಬಾ. ಎರಡು ಸೆಟ್ಟು ಮಾಡ್ತೀನಿ. ಒಂದು ಎತ್ತಿಡು, ಒಂದರಲ್ಲಿ ತಿನ್ನು.”

“ಎರಡು ಮಾಡಿದ್ರೆ ಎರಡನ್ನೂ ಎತ್ತಿಡ್ತೀನಿ. ನನ್ನ ಬುದ್ಧಿ ನಿನಗೆ ಗೊತ್ತಿಲ್ವಾ?” ಅಜ್ಜಿ ನಕ್ಕಳು, ಬೋಳು ವಸಡಿನಲ್ಲಿ. “ಇದನ್ನೇ ಸ್ವಲ್ಪ ಸರಿಮಾಡು. ಅಗಿಯೋಕೆ ಬೇಡ. ಮಲಗಿದಾಗ ಬಾಯಿ ಮುಚ್ಚಿ ಕೂತರೆ ಸಾಕು.”

“ಅದು ನನ್ನ ಕೈಲಿ ಆಗಲ್ಲ.”

“ಆಗಲ್ವೋ, ಮಾಡಲ್ವೋ?”

“ಮಾಡಲ್ಲ.”

ಅಜ್ಜಿ ಸೋಪಿನ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡಳು. “ನಿನ್ನನ್ನ ಸಾಕಿದ್ದಕ್ಕೆ ನಾನು ಇದುವರೆಗೂ ಏನೂ ಕೇಳಿಲ್ಲ. ನಿಮ್ಮಮ್ಮನನ್ನೂ ಕೇಳಲಿಲ್ಲ, ನಿನ್ನನ್ನೂ ಕೇಳಲಿಲ್ಲ. ಈಗ ಕೇಳ್ತಿದ್ದೀನಿ.”

ಅಜ್ಜಿ ಒಳ್ಳೆಯ ಮಾತುಗಳನ್ನೂ ಎತ್ತಿಡುವವಳೇ, ಕೆಟ್ಟವನ್ನೂ ಎತ್ತಿಡುವವಳೇ. ಇದನ್ನು ಎಷ್ಟು ವರ್ಷದಿಂದ ಮಡಚಿಟ್ಟಿದ್ದಳೋ. ಅವಳು ಎದ್ದುಹೋಗಿ ಚೀಲದಿಂದ ಅರ, ಸ್ಯಾಂಡ್‌ಪೇಪರು, ಮೇಣದ ಹಾಳೆ ತಂದಳು. ಅಜ್ಜಿಯ ವಸಡಿಗೆ ಎಲ್ಲಾದರೂ ಒತ್ತುತ್ತಿದ್ದರೆ ಸರಿಮಾಡೋಣ ಎಂದು ತಂದಿದ್ದ ಸಾಮಾನು ಅದು.

ಕೆಲಸ ಸುಲಭವಾಗಿತ್ತು, ಅದೇ ಅವಳಿಗೆ ಸಹಿಸಲಾಗದ್ದು. ತಿನ್ನುವ ಬಾಯಿಗೆ ನೂರು ಲೆಕ್ಕಾಚಾರ: ಯಾವ ಹಲ್ಲು ಯಾವುದಕ್ಕೆ ತಾಗಬೇಕು, ಎಲ್ಲಿ ಭಾರ ಬೀಳಬೇಕು, ನಾಲಿಗೆಗೆ ಎಷ್ಟು ಜಾಗ. ಅಲ್ಲಾಡದ ಬಾಯಿಗೆ ಅದ್ಯಾವುದೂ ಬೇಡ. ಹಿಂದಿನ ದವಡೆ ಹಲ್ಲುಗಳನ್ನು ತುಟಿ ಕೂಡುವಷ್ಟು ತಗ್ಗಿಗೆ ಅರ ಹಾಕಿ ಉಜ್ಜಿದಳು. ಆಹಾರ ಅರೆಯಲೆಂದು ಅವಳೇ ಕೆತ್ತಿದ್ದ ಏರುತಗ್ಗೆಲ್ಲ ಪುಡಿಯಾಗಿ ಮಡಿಲಿಗೆ ಉದುರಿತು. ಇನ್ನು ಇದರಲ್ಲಿ ಅನ್ನದ ಅಗುಳೂ ಅರೆಯುವುದಿಲ್ಲ. ವಸಡಿಗೆ ಅಂಟಿ ಕೂರಲೆಂದು ಒಳಗೂ, ತುಟಿ ತುಂಬಿ ಕಾಣಲೆಂದು ಮುಂದುಗಡೆಯೂ ಮೇಣ ಮೆತ್ತಿದಳು.

“ಮೇಣ ನಿಲ್ಲುತ್ತಾ?” ಎಂದಳು ಅಜ್ಜಿ.

“ಬಿಸಿ ತಿನ್ನದಿದ್ರೆ ನಿಲ್ಲುತ್ತೆ.”

“ಆಗ ನಾನ್ಯಾಕೆ ಬಿಸಿ ತಿನ್ಲಿ.”

ಹಾಕಿ ನೋಡಬೇಕಲ್ಲ. ಅಜ್ಜಿ ದಿಂಬು ತೆಗೆಸಿ ಅಂಗಾತ ಮಲಗಿ, ಕೈ ಎದೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ಅವಳು ಎರಡನ್ನೂ ಕೂರಿಸಿ ತುಟಿಗಳನ್ನು ಬೆರಳಿನಿಂದ ಕೂಡಿಸಿದಳು. ಕೆನ್ನೆ ತುಂಬಿತು. ಗುರುತಿನ ಚೀಟಿಯ ಹೆಂಗಸು ಮಂಚದ ಮೇಲೆ ಬಂದು ಮಲಗಿದ್ದಳು: ತೋಳಿನ ಮೇಲೆ ಹಾಸುಬಟ್ಟೆ ಹೊತ್ತು ಬರುತ್ತಿದ್ದ, ಅವಳ ಜಡೆ ಎಳೆದು ಬಿಗಿಯಾಗಿ ಹೆಣೆಯುತ್ತಿದ್ದ ಅಜ್ಜಿ.

ಆಗಲೇ ಮಾವ ಕೇಕು ಬಂತೆಂದು ಹೇಳಲು ಬಾಗಿಲಿಗೆ ಬಂದವನು ಅಲ್ಲೇ ನಿಂತುಬಿಟ್ಟ. ಅವನ ಬಲಗಾಲು ನೆಲವನ್ನು ಒತ್ತಿತು. “ಅಮ್ಮಾ,” ಎಂದ, ಹಿಂದೆಂದೂ ಅವನ ಬಾಯಲ್ಲಿ ಕೇಳದ ದನಿಯಲ್ಲಿ.

ಅಜ್ಜಿ ಒಂದು ಕಣ್ಣು ತೆರೆದಳು. “ಗುರುತು ಸಿಕ್ತಾ?”

ಮಾವ ಬೈಯುತ್ತ ಹೊರಗೆ ಹೋದ. ತಮಾಷೆ ಹೊಳೆಯದೆ ಹೋದದ್ದು ಬಹುಶಃ ಅದೇ ಮೊದಲ ಸಲ. ಅಜ್ಜಿ ಎದ್ದು ಕೂತು ಹಲ್ಲು ತೆಗೆದು, ಒರೆಸಿ, ಹತ್ತಿಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ ಟ್ರಂಕಿಗೆ ಬೀಗ ಹಾಕಿದಳು. ಮುಖ ಮತ್ತೆ ಒಳಕ್ಕೆ ಮಡಚಿಕೊಂಡಿತು. ಇಡೀ ದಿನದಲ್ಲಿ ಅಜ್ಜಿ ಸಂತೋಷವಾಗಿ ಕಂಡದ್ದು ಆಗಲೇ.

ಸಂಜೆ ಕೇಕು ಕತ್ತರಿಸಿದರು. ಅಜ್ಜಿಯ ಪಾಲನ್ನು ಅತ್ತೆ ಹಾಲಿನಲ್ಲಿ ನೆನೆಸಿ ಕೊಟ್ಟಳು. ಫೋಟೋದಲ್ಲಿ ಅಜ್ಜಿ ಬಾಯಿ ಮುಚ್ಚಿಕೊಂಡಳು. ಸೇಬನ್ನು ಎಲ್ಲರೂ ಒಂದೊಂದು ತಿಂದರು. ಮಾವ ಬೇಕೆಂದೇ ಜೋರಾಗಿ ಸದ್ದು ಮಾಡಿ ತಿಂದ. ಅವಳು ಅತ್ತೆಯ ಪಕ್ಕ ನಿಂತು, “ಮಧ್ಯಾಹ್ನ ನಾನು ಹಾಗೆ ಕೇಳಬಾರದಿತ್ತು,” ಎಂದಳು. ಅತ್ತೆ, “ಕೇಳಿ ಆಯ್ತಲ್ಲ,” ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಭಾನುವಾರ ಅವಳು ಹೊರಟಾಗ ಅಜ್ಜಿ ಬಾಗಿಲವರೆಗೆ ಬಂದಳು. “ಅವತ್ತು ನೀನೇ ಬಂದು ಹಾಕ್ಬೇಕು. ಇವರಿಗೆ ಮೇಲಿಂದು ಕೆಳಗಿಂದು ಗೊತ್ತಾಗಲ್ಲ.” ಆಮೇಲೆ ಸೆರಗಿನ ಒಳಗಿಂದ ಕಾಗದದ ಪೊಟ್ಟಣ ತೆಗೆದು ಕೈಗಿಟ್ಟಳು. “ಎಲ್ಲಕ್ಕಿಂತ ಚೆನ್ನಾಗಿರೋದು. ನಿನಗೆ ಅಂತ ಎತ್ತಿಟ್ಟಿದ್ದೆ.”

ಬಸ್ಸು ಊರು ದಾಟಿದ ಮೇಲೆ ಪೊಟ್ಟಣ ಬಿಚ್ಚಿದಳು. ಅವಳೇ ಆರಿಸಿ ತಂದಿದ್ದ ಸೇಬು, ರಾತ್ರಿಯೆಲ್ಲ ಟ್ರಂಕಿನಲ್ಲಿ ಇದ್ದದ್ದು. ಕಚ್ಚಿದಳು. ಗಟ್ಟಿಯಾಗಿತ್ತು, ಸದ್ದೂ ಆಯಿತು. ನುಸಿಗುಳಿಗೆಯ ವಾಸನೆ ಸಿಪ್ಪೆಯಲ್ಲಿ ಮಾತ್ರವಲ್ಲ, ಒಳಗೂ ಇಳಿದಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗು ಮುಚ್ಚಿಕೊಂಡಳು. ಅವಳು ಬೀಜದವರೆಗೂ ತಿಂದಳು, ಎಸೆಯಲಿಲ್ಲ.