ಐದು ಕೊಠಡಿಯ ವಿಶ್ವವಿದ್ಯಾಲಯಕ್ಕೆ ವೇಳಾಪಟ್ಟಿ

೧೯೯೪ರ ಜೂನ್ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಎರಡು ಗಂಟೆ. ನಂಜನಗೂಡಿನ ನಮ್ಮ ಮನೆಯಲ್ಲಿದ್ದವರು ಮೂವರು: ಹೈಸ್ಕೂಲಿನ ಮುಖ್ಯೋಪಾಧ್ಯಾಯನಾಗಿದ್ದ ನಾನು, ನನ್ನ ಹೆಂಡತಿ, ಮತ್ತು ಮೈಸೂರಿನಲ್ಲಿ ನನ್ನ ತಂಗಿಯ ಮಹಡಿಯಲ್ಲಿ ಬಾಡಿಗೆಗಿದ್ದು ಎಂ.ಎಸ್‌ಸಿ. ಮುಗಿಸಿ, ಕನ್ನಡವನ್ನೂ ಕಲಿತಿದ್ದ ಪ್ಯಾಲೆಸ್ಟೀನಿನ ತರುಣ.

ಅವನ ಊರಿನಲ್ಲಿ ಆಗತಾನೆ ವಿಶ್ವವಿದ್ಯಾಲಯವೊಂದು ಶುರುವಾಗಿತ್ತು. ಇದ್ದದ್ದು ಐದು ಬಾಡಿಗೆ ಕೊಠಡಿ, ಒಂಬತ್ತು ತರಗತಿ. ಎಲ್ಲವನ್ನೂ ಹೊಂದಿಸುವ ವೇಳಾಪಟ್ಟಿ ಕಳಿಸಿದರೆ ಅವನಿಗೆ ಅಲ್ಲಿ ಮೇಷ್ಟ್ರ ಕೆಲಸ. ಅಂದಿನ ನಾಲ್ಕು ಗಂಟೆಯ ಅಂಚೆ ತಪ್ಪಿದರೆ ಕೆಲಸವೂ ತಪ್ಪುತ್ತಿತ್ತು. ಆರು ಕೊಠಡಿಯಲ್ಲಿ ಹತ್ತು ತರಗತಿ ನಡೆಸುತ್ತಿದ್ದ ನನ್ನ ಹತ್ತಿರ ತಂಗಿ ಅವನನ್ನು ಅಟ್ಟಿದ್ದಳು.

ಒಂದು ಗಂಟೆಯಲ್ಲಿ ಗೆರೆ ಎಳೆದು, ತುಂಬಿಸಿ, ಹೆಮ್ಮೆಯಿಂದ ಕೊಟ್ಟೆ. ಅವನು ಓದಿ ತಲೆ ಕೆರೆದುಕೊಂಡ.

“ಸಾರ್, ಶುಕ್ರವಾರ ನಮಗೆ ರಜಾ. ನೀವು ಎಂಟು ಪಾಠ ಇಟ್ಟಿದ್ದೀರಿ.”

“ಅಲ್ಲಾ ಕಣ್ರೀ,” ಎಂದಳು ಹೆಂಡತಿ, “ಇನ್ನೊಬ್ರ ದೇಶ್ದಲ್ಲೂ ಭಾನ್ವಾರ ರಜಾ ಕೊಡೋಕೆ ನಿಮ್ಗ್ಯಾರು ಹೇಳಿದ್ರು?”

ಮತ್ತೆ ಬರೆಯಲು ಹೊತ್ತಿರಲಿಲ್ಲ. ಶುಕ್ರವಾರವನ್ನೂ ಭಾನುವಾರವನ್ನೂ ಕತ್ತರಿಸಿ ಅದಲುಬದಲು ಮಾಡಿದೆ. ಶನಿವಾರದ ಅರ್ಧ ದಿನ ಗುರುವಾರಕ್ಕೆ ಹೋಯಿತು. ಅಂಟಿಸಲು ನೋಡಿದರೆ ಗೋಂದು ಒಣಗಿತ್ತು; ಹೆಂಡತಿ ಮಧ್ಯಾಹ್ನದ ಅನ್ನ ತಂದು ಕಿವುಚಿದಳು.

“ಅಲ್ಲಿ ತನಕ ಅಂಟಿರುತ್ತಾ ಅಮ್ಮಾ?” ಎಂದ ತರುಣ.

“ಸೊಸೈಟಿ ಅಕ್ಕಿ ಕಣಪ್ಪಾ. ಬಿಡಿಸೋಕೆ ನೀನೇ ಹೋಗ್ಬೇಕು.”

ಇಬ್ಬರೂ ಅಂಚೆ ಕಚೇರಿಗೆ ಓಡಿದೆವು; ಮೂರು ಐವತ್ತಕ್ಕೆ ಅವನು ಲಕೋಟೆಯನ್ನು ಅಂಚೆ ಡಬ್ಬಿಗೆ ಹಾಕಿದ. ನಾನು ಮನೆಗೆ ಬಂದು, ಸ್ಕೇಲಿಗೆ ಮೆತ್ತಿದ್ದ ಅನ್ನದಗುಳು ತೊಳೆದು, ಸ್ಕೇಲನ್ನು ಮೊಳೆಗೆ ನೇತುಹಾಕಿದೆ.