ಗೋದಾಮಿನ ಗದ್ದಲ ಮತ್ತು ನನ್ನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚಿಗೂ ಒಂದು ಮಾನಮರ್ಯಾದೆ ಬೇಕು. ಪಕ್ಕದ ಮನೆಯವರ ಹೊಸ ಸ್ಕೂಟರ್ ನೋಡಿ ಪಟ್ಟರೆ ನಾಲ್ಕು ಜನ ಒಪ್ಪುತ್ತಾರೆ. ನಾನು ಪಟ್ಟದ್ದು ಕರೀ ಬನಿಯನ್ ಹಾಕಿಕೊಂಡು ತಲೆ ಕೊಡವುವ ಹುಡುಗರ ಮೇಲೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಶಿಗ್ಗಾಂವಿಯ ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದೆ. ಮೇಲಾಗಿ ಊರ ಸಂಗೀತ ಸಭೆಯ ಕಾರ್ಯದರ್ಶಿ. ನನ್ನ ಹೆಂಡತಿ ಸುಧಾಳ ತಮ್ಮ ಸೀನು ಪುಣೆಯಲ್ಲಿ ಓದುತ್ತಿದ್ದ. ರಜೆಗೆ ಬಂದವನೇ, "ಭಾವಾ, ಇಲ್ಲೇ ಒಂದು ಹೆವಿ ಮೆಟಲ್ ಉತ್ಸವ ಮಾಡೋರಿದ್ದೇವಿ" ಎಂದ. ಗಿಟಾರಿಗೆ ಕರೆಂಟು ಕೊಟ್ಟು ಅದನ್ನು ಸಿಟ್ಟಿಗೆಬ್ಬಿಸುವ ಸಂಗೀತವಂತೆ. ನಾನು ಬಿಟ್ಟೇನೆಯೇ? ನಮ್ಮ ಶಾಸ್ತ್ರದಲ್ಲಿ ತಾಳ, ಗಂಟೆಗಳಿಗೆ ಘನವಾದ್ಯ ಎನ್ನುತ್ತಾರೆ, ಘನವೆಂದರೆ ಗಟ್ಟಿ, ಭಾರ. ಆದ್ದರಿಂದ ಹೆವಿ ಮೆಟಲ್ ಮೂಲತಃ ನಮ್ಮದೇ ಎಂದು ವಾದಿಸಿದೆ. "ಹಂಗಾದ್ರ ನೀವೂ ಬರ್ರಿ" ಎಂದು ಅವನು ಮಾತು ಮುಗಿಸಿದ.

ಕಾಳಿನ ವ್ಯಾಪಾರಿಯೊಬ್ಬರು ತಮ್ಮ ಖಾಲಿ ಗೋದಾಮು ಬಿಟ್ಟುಕೊಟ್ಟರು. ಪುಣೆ, ಹುಬ್ಬಳ್ಳಿ, ದಾವಣಗೆರೆಯ ಹುಡುಗರು ಹೈವೇ ಬಸ್ಸಿನಿಂದ ಇಳಿದರು. ಏನು ಅನಾಹುತವೋ ನೋಡೋಣವೆಂದು ಸವಣೂರು, ಹಾನಗಲ್ಲಿನವರೂ ಕೆಲವರು ಬಂದರು. ಎಲ್ಲ ಸೇರಿದರೂ ಒಂದು ಮದುವೆಯ ಪಂಕ್ತಿಯಷ್ಟಾಗಲಿಲ್ಲ.

ಮಧ್ಯಾಹ್ನ ಧೋತರ ಉಟ್ಟುಕೊಂಡು ನಾನೂ ಹೋದೆ. ಒಳಗೆ ತಗಡಿನ ಚಾವಣಿ ನಡುಗುತ್ತಿತ್ತು. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಯಾರದೋ ಭುಜ ತಾಗಿ ನಾನು ನೆಲಕ್ಕೆ ಬಿದ್ದೆ, ಚಷ್ಮಾ ಎತ್ತಲೋ ಹಾರಿತು. ಇನ್ನು ನನ್ನನ್ನು ತುಳಿದೇ ಬಿಡುತ್ತಾರೆಂದು ಕಣ್ಣು ಮುಚ್ಚಿದೆ. ಆದರೆ ಹಾಡೇ ನಿಂತುಬಿಟ್ಟಿತು! ಎಷ್ಟೋ ಕೈಗಳು ನನ್ನನ್ನು ಎತ್ತಿದವು. ಉಳಿದವರು ಮಂಡಿಯೂರಿ ಚಷ್ಮಾ ಹುಡುಕಿದರು.

"ಸರ, ಪೆಟ್ಟಾತೇನ್ರಿ? ಈ ಕಡೆ ಕುಂಡ್ರಿ ಬರ್ರಿ," ಎಂದು ಜಡೆ ಹಾಕುವಷ್ಟು ಕೂದಲಿದ್ದ ಒಬ್ಬ ನೀರು ತಂದುಕೊಟ್ಟ.

ಹಿಂದಿನ ವರ್ಷ ನಮ್ಮ ಸಭೆಯ ವೇದಿಕೆಯ ಮೆಟ್ಟಿಲಲ್ಲಿ ನಾನು ಜಾರಿ ಬಿದ್ದಾಗ ಅಧ್ಯಕ್ಷರು ಕೇಳಿದ್ದು ಒಂದೇ ಮಾತು: "ಮೈಕಿಗೆ ಏನೂ ಆಗಿಲ್ಲಲ್ಲ?"

ಚಷ್ಮಾ ಏರಿಸಿ ನೋಡಿದರೆ ಮೂಲೆಯಲ್ಲಿ, ತಮ್ಮನ ಬಳಗಕ್ಕೆ ತಿಂಡಿ ತಂದಿದ್ದ ಸುಧಾ. ಒಗ್ಗರಣೆ ಹಾಕಿದ ಚುರುಮುರಿಯ ಬುಟ್ಟಿಯ ಸುತ್ತ ಹುಡುಗರು, "ಅಕ್ಕಾ, ನೀವೂ ತಿನ್ರಿ" ಎನ್ನುತ್ತಿದ್ದಾರೆ. ಇವಳು ಬಾಯಿಗೆ ಸೆರಗು ಅಡ್ಡ ಹಿಡಿಯದೆ ನಗುತ್ತಿದ್ದಾಳೆ. ಇಷ್ಟು ವರ್ಷ ದುಡಿದು ಕಟ್ಟಿದ ನನ್ನ ಸಭೆಯಲ್ಲಿಲ್ಲದ್ದು, ನಿನ್ನೆ ಬಸ್ಸಿಳಿದವರಿಗೆ ಹೇಗೆ ದಕ್ಕಿತು?

ಸುಧಾಳ ಜೊತೆ ಮನೆಗೆ ಹೊರಟಾಗ ದಾರಿಯಲ್ಲಿ ತಡೆಯಲಾಗಲಿಲ್ಲ. "ಅದೇನ್ ಸಂಗೀತ ಅಲ್ಲ ಬಿಡು" ಎಂದೆ.

"ಇರ್ಲಿಕ್ಕಿಲ್ಲ."

"ನಮ್ಮ ಸಭಾದಾಗ ನೀ ಹಿಂಗ ಎಂದೂ ನಕ್ಕಿಲ್ಲ."

"ನಗ್ತೇನಿ," ಎಂದಳು ಸುಧಾ. "ನೀವು ಮುಂದ ಕುಂತಿರ್ತೀರಿ. ಹಿಂದ ಏನ್ ನಡೀತದ ಅಂತ ನಿಮಗ ಹ್ಯಾಂಗ ಗೊತ್ತಾಗಬೇಕು?"

ನಮ್ಮ ಸಭೆಯ ಮುಂದಿನ ಸಂಗೀತ ಕಛೇರಿಯಂದು ಅಧ್ಯಕ್ಷರ ಮಗ್ಗುಲಿನ ಕುರ್ಚಿ ಬಿಟ್ಟು ಹಿಂದೆ ಹೋಗಿ ಸುಧಾಳ ಹತ್ತಿರ ಜಮಖಾನೆಯ ಮೇಲೆ ಕುಳಿತೆ. ಅಲ್ಲೊಂದು ಬೇರೆಯೇ ಊರು! ಹಿರೇಕೆರೂರಿನಿಂದ ಬಂದ ಮುದುಕಿಯೊಬ್ಬರ ಸಂಚಿಯಿಂದ ಅಡಿಕೆ ಸಾಲಿನುದ್ದಕ್ಕೂ ಹರಿಯುತ್ತಿತ್ತು. ಯಾರದೋ ಕೂಸು ಯಾರದೋ ತೊಡೆಯ ಮೇಲೆ ಮಲಗಿತ್ತು. ಬಡಿಗೇರ ಬಸಪ್ಪ ಹಾಡುಗಾರರ ಪ್ರತಿ ತಾನಿಗೂ ತಲೆದೂಗಿ, ಪಕ್ಕದವನ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಕಾರ್ಯದರ್ಶಿಯಾದ ನನ್ನನ್ನು ಮಾತ್ರ ಎಲ್ಲರೂ ಸಂಶಯದಿಂದ ನೋಡಿ, ಸರಿದು ಜಾಗ ಕೊಟ್ಟರು. ಇಷ್ಟು ವರ್ಷ ಇವರು ನನ್ನ ಬೆನ್ನ ಹಿಂದೆಯೇ ಸುಖಪಟ್ಟಿದ್ದರು! ಹುಡುಗರ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಇವರ ಕಡೆ ತಿರುಗಿತು.

ಅಷ್ಟರಲ್ಲಿ ಮುದುಕಿ ನನ್ನ ಅಂಗೈಗೂ ಒಂದು ಹೋಳು ಹಾಕಿ, ಕಿವಿಯಲ್ಲಿ ಏನೋ ಚಾಷ್ಟಿಯ ಮಾತು ಹೇಳಿದರು. ನಾನು ಕಿಸಕ್ಕನೆ ನಕ್ಕೆ. ಮುಂದಿನ ಸಾಲಿನಿಂದ ಅಧ್ಯಕ್ಷರು ತಿರುಗಿ, "ಶ್! ಹಿಂದಿನವ್ರು ಸುಮ್ಮನ ಕುಂಡ್ರಿ" ಎಂದರು.

ಹಿಂದಿನವರು. ಆ ಮಾತಿನಲ್ಲಿ ನಾನೂ ಸೇರಿದ್ದೆ.