‘ಬೀಬಿ ನೂರಿ’ ಎಂಬ ಇಂಗ್ಲಿಷ್ ಹಾಡು

ಬಿಸಿಯಾದ ಆಂಪ್ಲಿಫೈಯರಿನ ಮೇಲೆ ಧೂಳು ಸುಡುವ ವಾಸನೆ ಬಂದರೆ ಸಾಕು, ತುಮಕೂರಿನ ಯಾವ ಮದುವೆ ಮಂಟಪದಲ್ಲಿದ್ದರೂ ನಾನು ಗುಬ್ಬಿಯ ನಮ್ಮ ಹಳೇ ಮನೆಗೆ ಹೋಗಿ ಕೂರುತ್ತೇನೆ. ಈಗ ಅಲ್ಲಿ ಮೊಬೈಲ್ ಅಂಗಡಿಯಿದೆ. ದಾದಾ, ಅಂದರೆ ನನ್ನ ಅಪ್ಪನ ಅಪ್ಪ, ಊರಿಗೆಲ್ಲ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದವರು. ಆ ಕಾಲ ಮುಗಿದ ಮೇಲೂ ರೆಕಾರ್ಡ್ ಪ್ಲೇಯರನ್ನು ಉಳಿಸಿಕೊಂಡಿದ್ದರು, ಜೊತೆಗೆ ಅರವತ್ತರ ದಶಕದಲ್ಲಿ ಊರೂರನ್ನೇ ಕುಣಿಸಿದ ಒಂದು ಇಂಗ್ಲಿಷ್ ರಾಕ್ ಹಾಡನ್ನು. ಗಿಟಾರು ಕೆರೆಯುತ್ತ ಗಂಟಲು ಹರಿದುಕೊಳ್ಳುವ ಆ ದೊರೆ ಪ್ರತಿ ಚರಣದ ಕೊನೆಗೆ ‘ಬೀಬಿ ನೂರಿ, ಬೀಬಿ ನೂರಿ’ ಎಂದು ಕೂಗುತ್ತಿದ್ದ.

ನೂರಿ ನನ್ನ ಅಪ್ಪನ ತಂಗಿ, ನನಗೆ ಫುಪ್ಪು. ನಾನು ಹುಟ್ಟುವ ಮೊದಲೇ ಕುಣಿಗಲ್ಲಿನ ಲಾರಿ ಡ್ರೈವರನೊಬ್ಬನನ್ನು ಮದುವೆಯಾಗಿ ಮನೆ ಬಿಟ್ಟವಳು. ಅವತ್ತಿನಿಂದ ಆ ಹೆಸರು ಯಾರ ಬಾಯಲ್ಲೂ ಬರಕೂಡದೆಂದು ದಾದಾ ಹುಕುಂ ಮಾಡಿದ್ದರು. ನಿಮ್ಮ ಮನೆಯಲ್ಲೂ ಅಂಥದೊಂದು ಹೆಸರು ಇದ್ದೀತು. ಹಾಗೆ ಹುಕುಂ ಮಾಡಿದವರೇ ದಿನಾ ಮಧ್ಯಾಹ್ನ ಉಂಡ ಮೇಲೆ ಆ ರೆಕಾರ್ಡ್ ಹಾಕುತ್ತಿದ್ದರು. ನನ್ನ ಅಜ್ಜಿ ದಾದಿಮಾ ಸೆರಗು ಕಚ್ಚಿಕೊಂಡು, ಬಾಗಿಲು ನೋಡುತ್ತ ಕೇಳುತ್ತಿದ್ದಳು.

“ಏನ್ ಸಾಹೇಬ್ರೇ, ಈ ವಯಸ್ನಲ್ಲಿ ಡ್ಯಾನ್ಸ್ ಹಾಡಾ? ಏನಂತೆ ಇದ್ರ ಕತೆ?” ಎಂದು ಎದುರುಮನೆಯ ಸಿದ್ದಣ್ಣ ಕೆಣಕಿದರೆ ದಾದಾ ನಗುತ್ತಿರಲಿಲ್ಲ.

“ಮಗ್ಳು ಮನೆ ಬಿಟ್ಟೋದ್ಲಂತೆ ಕಣಯ್ಯ. ಎಲ್ಲಿದ್ರೂ ಕೇಳಿಸ್ಲಿ ಅಂತ ಅಪ್ಪ ರೇಡಿಯೋದಲ್ಲಿ ಕರೀತಾವ್ನೆ.”

“ಬಂದ್ಲಾ ಮತ್ತೆ?”

“ಹಾಡು ಅಲ್ಲಿಗೇ ಮುಗೀತದೆ, ಬುಡು.”

ಪ್ಲೇಯರಿನ ಮುಳ್ಳು ಮುರಿದು ಬೇರೆ ಸಿಗದಾದಾಗ ಆ ಕೆಲಸ ನನ್ನ ಪಾಲಿಗೆ ಬಂತು. ಮೇಷ್ಟರ ಕೆಮ್ಮು, ಬಸ್ ಕಂಡಕ್ಟರನ ಸೀಟಿ, ಸಿದ್ದಣ್ಣನ ಗೊರಕೆ, ಎಲ್ಲವೂ ನನ್ನ ಗಂಟಲಲ್ಲಿದ್ದವು, ಪಾಠವೊಂದೇ ಒಳಗಿಳಿಯುತ್ತಿರಲಿಲ್ಲ. ಪೊರಕೆಯನ್ನು ಗಿಟಾರು ಮಾಡಿಕೊಂಡು, ಸೊಂಟ ಕುಣಿಸಿ ಕಿರುಚುತ್ತಿದ್ದೆ. “ಆ ಜಾಗ ಇನ್ನೊಂದ್ಸಲ ಹಾಡ್ಲಾ” ಎನ್ನುತ್ತಿದ್ದರು ದಾದಾ, ಗೋಡೆಯ ಕಡೆ ತಿರುಗಿಕೊಂಡು.

ದಾದಿಮಾ ಬಾಗಿಲು ನೋಡುತ್ತಲೇ ತೀರಿಕೊಂಡಳು. ಅದೇ ವರ್ಷ ದಾದಾ ಕೂಡ. ಅವರ ಮಣ್ಣಾದ ಮಾರನೆಯ ದಿನ ನೂರಿ ಫುಪ್ಪು ಬಂದಳು, ಅರ್ಧ ನರೆತ ತಲೆಯೊಂದಿಗೆ. ಒಳಗೂ ಬರದೆ ಹೊಸ್ತಿಲಲ್ಲೇ ಕೂತು, “ಅಬ್ಬಾ ಯಾವತ್ತಾದ್ರೂ ನನ್ನ ಹೆಸ್ರು ಎತ್ತಿದ್ರೇನೋ?” ಎಂದು ತನ್ನ ಅಪ್ಪನ ಬಗ್ಗೆ ಕೇಳಿದಳು.

“ದಿನಾ, ಫುಪ್ಪು!” ಎಂದು ನಾನು ಹಾಡಿ ತೋರಿಸಿದೆ, ಸೊಂಟ ಕುಣಿಸದೆ.

ಅವಳು ಕಾಲೇಜು ಕಂಡವಳು. “ಅದು ನಾನಲ್ಲ ಕಣೋ,” ಎಂದಳು ಮೆಲ್ಲಗೆ. “ಬೇಬಿ, ನೋ ವರಿ ಅಂತಾನೆ ಅವ್ನು. ಚಿಂತೆ ಮಾಡ್ಬೇಡ ಅಂತ. ಹಾಡು ಬುಡು. ಅಬ್ಬಾ ಕರೆಯೋ ಥರ ಕರಿ ನನ್ನ, ಒಂದೇ ಒಂದ್ಸಲ.”

ದಾದಾ ಸೀನುವುದು, ಬೈಯುವುದು, ದುವಾ ಮಾಡುವುದು, ಎಲ್ಲವೂ ನನಗೆ ಬರುತ್ತಿತ್ತು. ‘ನೂರಿ’ ಎನ್ನುವಾಗ ಅವರ ದನಿ ಹೇಗಿರುತ್ತದೆ ಎಂಬುದನ್ನು ಮಾತ್ರ ನಾನು ಒಮ್ಮೆಯೂ ಕೇಳಿರಲಿಲ್ಲ.